ಒಸ್ತ್ರಪ್ಪನ ಕೋಟೆಯ ನೆರಳು

ನಮ್ಮೂರಲ್ಲಿ ಕೋಟೆ ಇಲ್ಲ, ಕೋಟೆಯ ನೆರಳು ಮಾತ್ರ ಇದೆ. ಮಧ್ಯಾಹ್ನ ಉಂಡವರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಅದು ಪಡುವಣ ದಿಕ್ಕಿನ ಬೋಳುಗುಡ್ಡದಿಂದ ಇಳಿದು ಬರುತ್ತದೆ. ಗುಡ್ಡದ ಮೇಲೆ ಬಂಡೆ ಇದೆ, ಮುಳ್ಳುಕಂಟಿ ಇದೆ, ಯಾರದೋ ತಪ್ಪಿಸಿಕೊಂಡ ಮೇಕೆ ಇರುತ್ತದೆ. ಬೇರೇನಿಲ್ಲ. ಆದರೆ ಊರೊಳಗೆ ಬೀಳುವುದು ಅರ್ಧ ಮುರಿದ ಬುರುಜಿನ ನೆರಳು, ಅದರ ಪಕ್ಕ ಹಲ್ಲುದುರಿದ ಗೋಡೆಯ ನೆರಳು, ಗೋಡೆಯ ನಡುವೆ ಒಂದು ದೊಡ್ಡ ಬಿರುಕು, ಆ ಬಿರುಕಿನಲ್ಲಿ ತೂರಿಬರುವ ಬಿಸಿಲು. ಬುರುಜಿನ ನೆರಳು ಬೀಳುವ ಬೀದಿಗೆ ಬುರುಜಿನ ಓಣಿ ಎಂದೇ ಹೆಸರು. ಬಿಸಿಲು ತೂರುವುದು ಕಿಂಡಿ ಓಣಿ. ನಮ್ಮ ಮನೆ ಕಿಂಡಿ ಓಣಿಯಲ್ಲಿದೆ.

ಆ ಕೋಟೆ ಇರುವುದು ಪುರಸಭೆಯ ಸಭಾಂಗಣದಲ್ಲಿ, ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ. ನೂರೈವತ್ತು ವರ್ಷದ ಹಿಂದೆ ಪೋಲೆಂಡ್ ದೇಶದ ಚಿತ್ರಗಾರನೊಬ್ಬ ತನ್ನ ಸೀಮೆಯ ಪಾಳುಕೋಟೆಯ ಮುಂದೆ ಕೂತು ಬರೆದದ್ದು. ಯಾವ ದಿವಾನರು ಯಾವ ಹರಾಜಿನಲ್ಲಿ ಕೊಂಡರೋ, ನಮ್ಮಲ್ಲಿಗೆ ಬಂದು ಸೇರಿತು. ಚೌಕಟ್ಟಿನ ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ ಆತನ ಹೆಸರು ಒಸ್ತ್ರೋವೆತ್ಸ್ಕಿ ಎಂದಿದೆ. ಅದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ನಾವು ಒಸ್ತ್ರಪ್ಪ ಎನ್ನುತ್ತೇವೆ.

ಚಿತ್ರದಲ್ಲಿ ಮಳೆ ನಿಂತ ಮೇಲಿನ ಬೂದು ಆಕಾಶ, ಕೆಸರು ದಾರಿ, ದಾರಿಯ ಗುಂಡಿಯಲ್ಲಿ ನಿಂತ ನೀರು, ನೀರಲ್ಲಿ ತಲೆಕೆಳಗಾದ ಬುರುಜು. ಗೋಡೆಯ ಸಂದಿಯಲ್ಲಿ ಹುಟ್ಟಿದ ಒಂದು ಗಿಡ. ಕೆಳಗೆ ದಾರಿಯಲ್ಲಿ, ನನ್ನ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ, ಸೌದೆ ಹೊರೆ ಹೊತ್ತ ಒಬ್ಬ ಹೆಂಗಸು. ಅವಳ ಬೆನ್ನು ನಮ್ಮ ಕಡೆಗೆ. ಸಂಜೆ ದೀಪ ಹಚ್ಚುವ ಮುಂಚೆ ಎಲ್ಲಕ್ಕಿಂತ ಕೊನೆಗೆ ಬೀಳುವುದು ಅವಳ ನೆರಳು. ಬೀಳುವುದು ನಮ್ಮ ಮನೆಯ ಎದುರುಗೋಡೆಯ ಮೇಲೆ.

ನೆರಳಿದ್ದ ಮೇಲೆ ಅದಕ್ಕೆ ತಕ್ಕ ಹಾಗೆ ಬದುಕಬೇಕು. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ನೆರಳಿನ ಮನೆಯೋ ಬಿಸಿಲಿನ ಮನೆಯೋ ಎಂದು ಕೇಳುತ್ತಾರೆ. ಕ್ಷೌರದ ನಿಂಗಣ್ಣನಿಗೆ ಅಂಗಡಿಯೇ ಇಲ್ಲ. ಕುರ್ಚಿ, ಕನ್ನಡಿ, ಒಂದು ಬಕೆಟ್ಟು. ಬುರುಜಿನ ನೆರಳು ಸರಿದ ಹಾಗೆ ಕುರ್ಚಿ ಸರಿಯುತ್ತದೆ. ಅಂಚೆ ಕಚೇರಿಯ ಮುಂದೆ ನೊರೆ ಹಚ್ಚಿಸಿಕೊಂಡವನು ಪೊಲೀಸ್ ಠಾಣೆಯ ಮುಂದೆ ಗಡ್ಡ ಮುಗಿಸಿ ಏಳುತ್ತಾನೆ. ಅರ್ಧ ಮೀಸೆಯವರು ಟವೆಲು ಹೊದ್ದು ಬೀದಿಯಲ್ಲಿ ನಡೆದು ಹೋಗುವುದನ್ನು ಕಂಡು ಹೊರಗಿನವರು ಬಾಯಿ ಬಿಡುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಕಿಂಡಿ ಓಣಿಯ ಹೆಂಗಸರದು ಹಪ್ಪಳ, ಶಾವಿಗೆಯ ಕೆಲಸ. ಬೆಳಿಗ್ಗೆಯೆಲ್ಲ ಲಟ್ಟಿಸಿ, ಮಧ್ಯಾಹ್ನದ ಆ ಬಿರುಕಿನ ಬಿಸಿಲಿಗೆ ಮಾಳಿಗೆಯ ಮೇಲೆ ಹರಡುತ್ತಾರೆ. ಎರಡೂ ಕಡೆ ತಂಪು, ನಡುವೆ ಒಂದು ಪಟ್ಟಿ ಬಿಸಿಲು. ಅದರಲ್ಲಿ ಒಣಗಿದ ಹಪ್ಪಳಕ್ಕೆ ಬೇರೆಯದೇ ರುಚಿ ಎಂದು ಸುತ್ತಲ ಊರಿನವರೂ ಒಪ್ಪುತ್ತಾರೆ. ನನ್ನ ಹೆಂಡತಿ ಸರ್ವಮಂಗಳ ಆ ಓಣಿಯ ಹಪ್ಪಳದವರಿಗೆಲ್ಲ ಮುಂದಾಳು. ನಮ್ಮ ಮನೆ ನಡೆಯುತ್ತಿದ್ದದ್ದು ಅವಳ ಲಟ್ಟಣಿಗೆಯಿಂದ, ನನ್ನ ಬ್ರಷ್ಷಿನಿಂದಲ್ಲ.

ನನ್ನ ಹೆಸರು ಮೌನೇಶಾಚಾರಿ. ಒಂದು ಕಾಲದಲ್ಲಿ ಊರಿನ ಬೋರ್ಡುಗಳೆಲ್ಲ ನನ್ನ ಕೈಬರಹ. ಫ್ಲೆಕ್ಸ್ ಬಂದ ಮೇಲೆ ನನಗೆ ಉಳಿದದ್ದು ಲಾರಿಯ ಹಿಂಬದಿ, ಮತ್ತೆ ಇಲ್ಲಿ ಮೂತ್ರ ಮಾಡಬಾರದು ಎಂಬ ಗೋಡೆಬರಹ. ಅದನ್ನೂ ನಾನು ಹೂಬಳ್ಳಿಯ ಅಂಚು ಕೊಟ್ಟೇ ಬರೆಯುತ್ತಿದ್ದೆ. ಒಳಗೆಲ್ಲೋ ನಾನೊಬ್ಬ ಕಲಾವಿದ ಎಂಬ ಭಾವನೆ ಇತ್ತು. ಅದನ್ನು ಹೊರಗೆ ಹೇಳಿಕೊಂಡರೆ ಸರ್ವಮಂಗಳ, "ಹೌದು, ಈಗ ಒಂದು ಮಣೆ ತಂದುಕೊಡಿ" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಪುರಸಭೆಯಿಂದ ಕರೆ ಬಂತು. ಅಧ್ಯಕ್ಷ ಶಂಭುಲಿಂಗಪ್ಪನವರು ಕುರ್ಚಿಯಲ್ಲಿ ಕೂತಿರದೆ, ಅದರ ಹಿಂದೆ ಚಿತ್ರಕ್ಕೆ ಮುಖ ಮಾಡಿ ನಿಂತಿದ್ದರು. ಶಂಭುಲಿಂಗಪ್ಪನವರು ಕೆಟ್ಟವರಲ್ಲ. ಊರಿಗೆ ಒಳ್ಳೆಯದಾಗಬೇಕು ಎಂಬ ಆಸೆ ಅವರಿಗೆ ಬಹಳ. ಒಳ್ಳೆಯದು ಯಾವುದು ಎಂಬ ವಿಷಯದಲ್ಲಿ ಮಾತ್ರ ಸ್ವಲ್ಪ ಗೊಂದಲ.

"ಬಾರಯ್ಯ ಮೌನೇಶ. ಪೋಲೆಂಡಿಂದ ಒಬ್ಬ ಮೇಡಂ ಬರ್ತಾ ಇದ್ದಾರೆ, ಈ ಚಿತ್ರ ನೋಡೋಕೆ. ಅಷ್ಟು ದೂರದಿಂದ!"

"ಸಂತೋಷ, ಸಾಹೇಬ್ರೇ."

"ಏನು ಸಂತೋಷ? ನೋಡು ಇದನ್ನ. ಬುರುಜು ಮುರಿದಿದೆ. ಗೋಡೆ ಬಿರುಕು ಬಿಟ್ಟಿದೆ. ಬಾಗಿಲೇ ಇಲ್ಲ. ಅವರ ಕೋಟೆ ನಮ್ಮ ಕೈಗೆ ಕೊಟ್ಟರು, ನಾವು ಹೀಗೆ ಇಟ್ಟುಕೊಂಡಿದ್ದೀವಿ ಅಂತ ಆಗಲ್ವಾ?"

"ಅದು ಬರೆಯುವಾಗಲೇ ಮುರಿದಿತ್ತಲ್ಲ ಸಾಹೇಬ್ರೇ."

"ನಿನಗೆ ಗೊತ್ತು, ನನಗೆ ಗೊತ್ತು. ಅವರಿಗೆ ಗೊತ್ತಿರಬೇಕಲ್ಲ? ನೆಂಟರು ಬರ್ತಾರೆ ಅಂದ್ರೆ ಮನೆಗೆ ಸುಣ್ಣ ಹೊಡೆಸ್ತೀವೋ ಇಲ್ವೋ? ಪೂರ್ತಿ ಮಾಡಿಬಿಡು. ಈ ಊರಲ್ಲಿ ನಿನ್ನ ಬಿಟ್ಟು ಕಲಾವಿದ ಇನ್ಯಾರಿದ್ದಾರೆ?"

ಆ ಕೊನೆಯ ಮಾತು ಅವರು ಹೇಳದಿದ್ದರೆ ನಾನು ಯೋಚಿಸುತ್ತಿದ್ದೆನೋ ಏನೋ. ಹೇಳಿದರು. ನಾನು ಮನೆಗೆ ಹೋಗಿ ಎನಾಮೆಲ್ ಡಬ್ಬಿಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡೆ.

ಸರ್ವಮಂಗಳ ಹಿಟ್ಟು ಕುಟ್ಟುತ್ತಿದ್ದವಳು ವಿಷಯ ಕೇಳಿ ಹೇಳಿದಳು: "ಬುರುಜು ಏನಾದರೂ ಮಾಡ್ಕೊಳ್ಳಿ. ಬಿರುಕು ಮುಟ್ಟಬೇಡಿ."

"ಬಿರುಕು ಯಾಕೆ ಮುಟ್ಟಲಿ?" ಎಂದೆ. ಹೇಳುವಾಗ ಅದು ನಿಜವೇ ಆಗಿತ್ತು.

ಬುರುಜು ಎತ್ತುವುದು ಸುಲಭದ ಕೆಲಸ. ಇಟ್ಟಿಗೆ ಗೆರೆ ಹಾಕಿ, ಮೇಲೆ ಹಲ್ಲುಹಲ್ಲಾದ ಕೋಟೆತೆನೆ ಕೂರಿಸಿ, ಒಂದು ಕೆಂಪು ಬಾವುಟ ಹಾರಿಸಿದೆ. ಅಧ್ಯಕ್ಷರು ಬಂದು ನೋಡಿ ಭುಜ ತಟ್ಟಿದರು. ಆಮೇಲೆ ಬಿರುಕಿನ ಮೇಲೆ ಬೆರಳಿಟ್ಟರು. "ಇಷ್ಟು ಚಂದದ ಬುರುಜಿನ ಪಕ್ಕ ಇದು ಹಲ್ಲು ಬಿದ್ದ ಹಾಗೆ ಕಾಣ್ತದೆ." ನಾನು ತಲೆ ಕೆರೆದುಕೊಂಡೆ. ಕಲೆಯ ದೃಷ್ಟಿಯಿಂದ ಅವರ ಮಾತು ಸರಿ ಎನಿಸಿತು. ಬಿರುಕು ಮುಚ್ಚಿತು. ಗೋಡೆಯಾದ ಮೇಲೆ ಬಾಗಿಲು ಬೇಕಲ್ಲ, ಬಾಗಿಲಾಯಿತು. ಬಾಗಿಲ ಎದುರಿಗೇ ಆ ಸೌದೆಯ ಹೆಂಗಸು. "ಕೋಟೆ ಹೆಬ್ಬಾಗಿಲ ಮುಂದೆ ಸೌದೆ ಹೊರೋರು ಯಾಕಯ್ಯ? ಅಲ್ಲೊಂದು ಸಿಂಹ ಕೂರಿಸು" ಎಂದರು. ಕೂರಿಸಿದೆ. ಸಿಂಹವನ್ನು ನಾನು ಅದಕ್ಕೆ ಮುಂಚೆ ಬೆಂಕಿಪೊಟ್ಟಣದ ಮೇಲೆ ಮಾತ್ರ ನೋಡಿದ್ದೆ.

ಮಾರನೆಯ ಮಧ್ಯಾಹ್ನ ಊಟದ ಹೊತ್ತಿಗೆ ಪೂರ್ತಿ ಕೋಟೆಯ ನೆರಳು ಬಿದ್ದು ಊರಿಗೆ ಊರೇ ಕಪ್ಪಗಾಯಿತು. ಮೊದಲು ಎಲ್ಲರಿಗೂ ಖುಷಿ. ಜನ ಹೊರಗೆ ಬಂದು, ತಲೆಯ ಮೇಲಿನ ಟವೆಲು ತೆಗೆದು, ನನ್ನ ಕೈ ಕುಲುಕಿದರು. "ಮೌನೇಶಣ್ಣ, ಊರನ್ನೇ ತಣ್ಣಗೆ ಮಾಡಿಬಿಟ್ಟೆ" ಎಂದ ನಿಂಗಣ್ಣ. ಅವನು ಕುರ್ಚಿ ಸರಿಸದೆ ಒಂದೇ ಕಡೆ ಕೂರಿಸಿ ಮೂರು ಜನರ ಗಡ್ಡ ತೆಗೆದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ನಾನು ಎದೆ ಉಬ್ಬಿಸಿ ಮನೆಗೆ ಬಂದೆ. ಸರ್ವಮಂಗಳ ಮಾಳಿಗೆಯ ಮೇಲೆ ಹಸಿ ಹಪ್ಪಳಗಳ ನಡುವೆ ನಿಂತು ಬೋಳುಗುಡ್ಡದ ಕಡೆ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಸಂಜೆ ಎಂದಿನಂತೆ ಬಾಗಿಲಿಗೆ ಬಂದು ಎದುರುಗೋಡೆ ನೋಡಿದಳು. ಗೋಡೆಯ ಮೇಲೆ ಕತ್ತೆಯಂಥದ್ದೊಂದು ಕೂತಿತ್ತು.

"ಇದೇನು?"

"ಸಿಂಹ" ಎಂದೆ.

ಅವಳು ಒಳಗೆ ಹೋದಳು. ಅಲ್ಲಿಂದ ಮುಂದೆ ಮಾತಿಲ್ಲ. ನನ್ನ ಹೆಸರಲ್ಲಿ ಮೌನವಿದ್ದರೂ ನಮ್ಮ ಮನೆಯಲ್ಲಿ ಅದು ಎಂದೂ ಇರಲಿಲ್ಲ. ಅವಳ ಮಾತಿಲ್ಲದ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ನಮ್ಮಲ್ಲಿ ಗಡಿಯಾರ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಖುಷಿ ಬಹಳ ದಿನ ಬಾಳಲಿಲ್ಲ. ಕೋಳಿಗಳು ಮಧ್ಯಾಹ್ನವೇ ಗೂಡು ಸೇರಿ, ಅರ್ಧ ನಿದ್ದೆಯಾದ ಮೇಲೆ ಎದ್ದು ಕೂಗಲು ಶುರುಮಾಡಿದವು. ಶಾಲೆಯ ಮಕ್ಕಳು ಕತ್ತಲಾಯಿತು ಮನೆಗೆ ಬಿಡಿ ಎಂದು ಊಟದ ನಂತರದ ಮೊದಲ ಪಿರಿಯಡ್‌ನಲ್ಲೇ ಚೀಲ ಕಟ್ಟಿಕೊಂಡರು. ಮೇಷ್ಟ್ರೂ ವಾದ ಮಾಡಲಿಲ್ಲ. ಒಗೆದ ಬಟ್ಟೆ ಒಣಗದೆ ಜನ ಒದ್ದೆ ಪಂಚೆಯಲ್ಲೇ ಓಡಾಡಿ ಸೀನತೊಡಗಿದರು. ನಿಂಗಣ್ಣನ ಹತ್ತಿರವೂ ಯಾರೂ ಬರಲಿಲ್ಲ. "ನೆರಳಿಗೆ ಬಂದು ಕೂರೋರು ಹಾಗೇ ಗಡ್ಡಾನೂ ಮಾಡಿಸ್ಕೊಳ್ಳೋರು ಅಣ್ಣ. ಈಗ ಎಲ್ಲ ಕಡೆ ನೆರಳೇ. ನನ್ನ ಹತ್ತಿರ ಯಾಕೆ ಬರ್ತಾರೆ?" ಎಂದು ಅವನು ತನ್ನ ಕುರ್ಚಿಯಲ್ಲಿ ತಾನೇ ಕೂತು ಹೇಳಿದ.

ಕಿಂಡಿ ಓಣಿಯ ಹಪ್ಪಳಕ್ಕೆ ಬೂಷ್ಟು ಬಂತು. ಒಂದು ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ತಲೆಯ ಮೇಲೆ ಮೊರ ಹೊತ್ತು ಸಾಲಾಗಿ ಪುರಸಭೆಗೆ ನಡೆದರು. ಮುಂದೆ ಸರ್ವಮಂಗಳ. ಒಳಗೆ ಸಭೆ ನಡೆಯುತ್ತಿತ್ತು. ಅವಳು ಯಾರಿಗೂ ಏನೂ ಹೇಳದೆ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಹಸಿ ಹಪ್ಪಳ ಹರಡಿದಳು. ಮೇಜು ತುಂಬಿತು, ಕಿಟಕಿಯ ಕಟ್ಟೆ ತುಂಬಿತು, ಕುರ್ಚಿಗಳ ಬೆನ್ನಿಗೆ ಶಾವಿಗೆಯ ಎಳೆಗಳು ಇಳಿಬಿದ್ದವು. ಒಬ್ಬ ಸದಸ್ಯರು ನಿದ್ದೆಯಲ್ಲಿದ್ದರು. ಅವರ ತೊಡೆಯ ಮೇಲೂ ಒಂದು ಮೊರ ಬಂತು.

"ಏನಮ್ಮ ಇದು?" ಎಂದರು ಶಂಭುಲಿಂಗಪ್ಪ.

"ಊರಲ್ಲಿ ಒಣಗಿರೋ ಜಾಗ ಇದೊಂದೇ ಸಾಹೇಬ್ರೇ. ಫ್ಯಾನ್ ಜೋರು ಮಾಡಿಸಿ."

"ಇದು ಸಭಾಂಗಣ ಕಣಮ್ಮ!"

"ನೀವು ಮಾತಾಡಿ, ನಮಗೇನೂ ತೊಂದರೆ ಇಲ್ಲ. ಮಾತಾಡಿದಷ್ಟೂ ಒಳ್ಳೇದು, ಬಿಸಿಗಾಳಿ ಬರ್ತದೆ."

ಶಂಭುಲಿಂಗಪ್ಪನವರು ಮೇಜನ್ನು ನೋಡಿದರು, ಕಿಟಕಿಯಾಚೆಯ ಕತ್ತಲನ್ನು ನೋಡಿದರು, ಹೆಂಗಸರ ಹಿಂದೆಯೇ ಬಂದು ಮೂಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಮೊಣಕೈಯ ಹತ್ತಿರವಿದ್ದ ಒಂದು ಹಪ್ಪಳವನ್ನು ಮೆಲ್ಲಗೆ ಸರಿಸಿ, "ಕೆಡವಿಬಿಡಯ್ಯ ಆ ಕೋಟೇನ. ಮೊದಲು ಹೇಗಿತ್ತೋ ಹಾಗೇ ಮಾಡು. ಮೇಡಂ ಬರೋಕೆ ಇನ್ನು ಬಹಳ ದಿನ ಇಲ್ಲ" ಎಂದರು.

ಕಟ್ಟಿದ್ದಕ್ಕಿಂತ ಕೆಡವುವುದು ಕಷ್ಟವಾಯಿತು. ಎನಾಮೆಲ್ ಇನ್ನೂ ಪೂರ್ತಿ ಬಿಗಿದಿರಲಿಲ್ಲವಾದ್ದರಿಂದ ಬದುಕಿದೆ. ಹಳೆಯ ಬನಿಯನ್ನಿನ ತುಂಡನ್ನು ಟರ್ಪೆಂಟೈನಿನಲ್ಲಿ ಅದ್ದಿ, ಬೆರಳಗಲ ಬೆರಳಗಲ ಒರೆಸುತ್ತ ಕೂತೆ. ಬಾವುಟ ಹೋಯಿತು, ತೆನೆ ಹೋಯಿತು. ನನ್ನ ಇಟ್ಟಿಗೆಗಳ ಕೆಳಗಿಂದ ಒಸ್ತ್ರಪ್ಪನ ಕಲ್ಲುಗಳು ಒಂದೊಂದೇ ಮೇಲೆದ್ದವು. ಮೇಲೆ ಬಣ್ಣ ಬಳಿಯುವಾಗಲೂ ಅವನ್ನು ನಾನು ಸರಿಯಾಗಿ ನೋಡಿರಲಿಲ್ಲ. ನನ್ನ ಇಟ್ಟಿಗೆಗಳೆಲ್ಲ ಅವಳಿಜವಳಿ. ಅವನ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಒಂದು ಪಾಚಿ ಹಿಡಿದು ಹಸಿರಾಗಿದ್ದರೆ ಇನ್ನೊಂದು ಮಳೆನೀರು ಇಳಿದು ಕಪ್ಪಾಗಿದೆ. ಬಿದ್ದ ಕಲ್ಲು ಎಲ್ಲಿಂದ ಬಿದ್ದಿತೋ ಆ ಜಾಗ ಮೇಲೆ ಖಾಲಿ ಇದೆ. ದಾರಿಯ ಪಕ್ಕದಲ್ಲಿ ಸಗಣಿಯನ್ನೂ ಬರೆಯದೆ ಬಿಟ್ಟಿರಲಿಲ್ಲ ಮಾರಾಯ. ಯಾವುದನ್ನೂ ಚಂದ ಮಾಡಲು ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಎದ್ದುಹೋಗಿದ್ದ. ಒರೆಸುತ್ತ ಒರೆಸುತ್ತ ನನಗೆ ನನ್ನ ಸಿಂಹದ ಬಗ್ಗೆ ನಾಚಿಕೆ ಬಂತು.

ಆ ಸಿಂಹವನ್ನೇ ಕೊನೆಗೆ ಉಳಿಸಿಕೊಂಡಿದ್ದೆ. ಹೆಂಗಸಿನ ಬಣ್ಣವನ್ನು ಒಸ್ತ್ರಪ್ಪ ಬಹಳ ತೆಳ್ಳಗೆ ಹಚ್ಚಿದ್ದನೆಂದು ಕಾಣುತ್ತದೆ. ಸಿಂಹ ಕಿತ್ತು ಬಂದಾಗ ಅದರ ಜೊತೆಗೆ ಅವಳೂ ಬಂದುಬಿಟ್ಟಳು. ಬಟ್ಟೆ ತಿರುಗಿಸಿ ನೋಡಿದರೆ ಹಳದಿ ಕೇಸರದ ನಡುವೆ ಒಂದಿಷ್ಟು ಕಂದು, ಒಂದಿಷ್ಟು ನೀಲಿ. ಚಿತ್ರದಲ್ಲಿ ಕೆಸರು ದಾರಿ ಇತ್ತು, ದಾರಿಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬಿರುಕಿನ ಬಿಸಿಲು ಕಿಂಡಿ ಓಣಿಗೆ ವಾಪಸು ಬಂತು. ಹೆಂಗಸರು ಮಾಳಿಗೆಯಿಂದ ಮಾಳಿಗೆಗೆ ಕೂಗಿ ನಕ್ಕರು. ನಿಂಗಣ್ಣ ಕುರ್ಚಿ ಹೊತ್ತುಕೊಂಡು ಓಡಿದ. ಸರ್ವಮಂಗಳ ಅಂದು ನನಗೆ ಬಿಸಿ ಬಿಸಿ ಜೋಳದ ರೊಟ್ಟಿ ಬಡಿಸಿ, "ಉಪ್ಪು ಸರಿ ಇದೆಯಾ?" ಎಂದು ಕೇಳಿದಳು. ಅವಳ ದನಿ ಕೇಳಿ ಕಣ್ಣಲ್ಲಿ ನೀರು ಬಂತು. ಸಂಜೆಯಾಯಿತು. ಅವಳು ಬಾಗಿಲಿಗೆ ಹೋಗಿ ನಿಂತಳು. ಎದುರುಗೋಡೆ ಖಾಲಿ ಇತ್ತು.

"ಎಲ್ಲಿ ಅವಳು?"

ನಾನು ಬಟ್ಟೆಯ ವಿಷಯ ಹೇಳಿದೆ. ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ಮದುವೆಯಾಗಿ ಬಂದ ಹೊಸದರಲ್ಲಿ ಈ ಊರಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ನಿಮ್ಮಮ್ಮ ಮಾತಾಡ್ತಿರಲಿಲ್ಲ. ನೀವು ಬೋರ್ಡು ಬರೆಯೋಕೆ ಅಂತ ಊರೂರು. ಸಂಜೆ ಆದ್ರೆ ಅವಳೊಬ್ಬಳು ಬರೋಳು. ಇವಳಿಗೂ ಇನ್ನೂ ಕೆಲಸ ಮುಗಿದಿಲ್ಲ, ಇವಳೂ ಹೊತ್ತುಕೊಂಡು ಹೋಗ್ತಿದ್ದಾಳೆ ಅಂತ ನೋಡೋಳು ನಾನು. ಆಮೇಲೆ ಹೋಗಿ ಹಪ್ಪಳ ಎತ್ತೋಳು." ಸೆರಗಿನಿಂದ ಮುಖ ಒರೆಸಿಕೊಂಡಳು. "ಹಪ್ಪಳ ಹೋದ್ರೆ ಮತ್ತೆ ಲಟ್ಟಿಸ್ತೀನಿ. ಅವಳನ್ನ ಏನು ಮಾಡ್ತೀರಿ?"

ಇಷ್ಟು ವರ್ಷ ಅವಳು ಸಂಜೆ ಬಾಗಿಲಿಗೆ ಬರುತ್ತಿದ್ದದ್ದು ನಾನು ಬಂದೆನೋ ಎಂದು ನೋಡಲಿಕ್ಕೆ ಎಂದುಕೊಂಡಿದ್ದೆ.

ಮತ್ತೆ ಬರೆಯುತ್ತೇನೆ ಎಂದು ಹೇಳಿಬಿಟ್ಟೆ. ಹೇಗೆ ಬರೆಯುವುದು? ಫೋಟೋ ಯಾರೂ ತೆಗೆದಿರಲಿಲ್ಲ. ದಿನಾ ಕಾಣುವುದಕ್ಕೆ ಯಾರು ಫೋಟೋ ತೆಗೆಯುತ್ತಾರೆ? ಊರೆಲ್ಲ ಕೇಳಿದೆ. ಹೊರೆ ಬೆನ್ನ ಮೇಲಿತ್ತು ಎಂದರು ಕೆಲವರು, ತಲೆಯ ಮೇಲೆ ಎಂದರು ಕೆಲವರು. ಜೊತೆಗೊಂದು ನಾಯಿ ಇತ್ತು ಎಂದು ಅಂಚೆಯವರು ಆಣೆ ಮಾಡಿದರು. ಅವಳು ಹೆಂಗಸೇ ಅಲ್ಲ, ಕಂಬಳಿ ಹೊದ್ದ ಗಂಡಸು ಎಂದ ನಿಂಗಣ್ಣ. ಅವನಿಗೂ ಅಂಚೆಯವರಿಗೂ ಜಗಳವೇ ಆಯಿತು, ಅಂಚೆಯವರ ಅರ್ಧ ಗಡ್ಡ ಅಂದು ಹಾಗೇ ಉಳಿಯಿತು. ಕೊನೆಗೆ ಸರ್ವಮಂಗಳನ ಮುಂದೆ ಬಂದು ನಿಂತೆ.

"ನೀನೇ ಹೇಳು. ನೀನು ದಿನಾ ನೋಡಿದವಳು."

"ಹೇಳೋಕೆ ಬರಲ್ಲ" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಿಂತು ತೋರಿಸ್ತೀನಿ" ಎಂದಳು.

ಕಲ್ಯಾಣ ಮಂಟಪದ ಅಡುಗೆಮನೆಯಿಂದ ಒಂದು ಹೊರೆ ಸೌದೆ ತಂದೆವು. ಸಭಾಂಗಣದ ಬಾಗಿಲು ಹಾಕಿ, ಕಿಟಕಿಯ ಬೆಳಕಿನಲ್ಲಿ ಅವಳನ್ನು ನಿಲ್ಲಿಸಿದೆ. ಅವಳು ಹೊರೆಯನ್ನು ಬೆನ್ನಿಗೆ ಹಾಕಿಕೊಂಡು ಮುಂದಕ್ಕೆ ಬಾಗಿದಳು. ಬಾಗಿದವಳು ಬಾಯಿ ಮುಚ್ಚಲಿಲ್ಲ. ಅಷ್ಟು ದಿನ ಆಡದೆ ಉಳಿದಿದ್ದ ಮಾತೆಲ್ಲ ಅಲ್ಲಿ ಬಂತು. ಬಿರುಕು ಮುಟ್ಟಲ್ಲ ಎಂದು ಹೇಳಿದವರು ಯಾರು? ಮಾಳಿಗೆ ಸೋರುತ್ತದೆ ಎಂದು ಎಷ್ಟು ಸಲ ಹೇಳಿದೆ? ನನ್ನ ತಮ್ಮನ ಮಗಳ ನಾಮಕರಣಕ್ಕೆ ಬರದೆ ಎಲ್ಲಿ ಹೋಗಿದ್ದಿರಿ? ನಾನು ಹೂಂ ಹೂಂ ಎನ್ನುತ್ತ ನೋಡುತ್ತಿದ್ದೆ. ಒಸ್ತ್ರಪ್ಪ ಕಲ್ಲು ನೋಡಿದ ಹಾಗೆ ನೋಡಬೇಕೆಂದು ಹಟ ಹಿಡಿದು ನೋಡಿದೆ. ಎಡಭುಜ ಬಲಭುಜಕ್ಕಿಂತ ತಗ್ಗಿತ್ತು. ನೀರಿನ ಕೊಡ, ಹಿಟ್ಟಿನ ಬುಟ್ಟಿ ಎಲ್ಲ ಆ ಕಡೆಗೇ. ಮೊಣಕೈ ಕಪ್ಪಾಗಿತ್ತು. ಒಂದು ಕಾಲನ್ನು ಸ್ವಲ್ಪ ಹಗುರಾಗಿ ಊರುತ್ತಿದ್ದಳು.

"ಕಾಲಿಗೇನಾಯ್ತು ಮಂಗಳಾ?"

"ನೋವು."

"ಯಾವಾಗಿಂದ?"

"ನೀವು ಕೇಳೋಕೆ ಬಹಳ ಮುಂಚಿನಿಂದ. ಬರೀರಿ, ಬೆನ್ನು ಹಿಡ್ಕೊಳ್ತಾ ಇದೆ."

ಬರೆದೆ. ಹೆಬ್ಬೆರಳ ಉಗುರಿನಷ್ಟಕ್ಕೆ ಇಡೀ ದಿನ ಹಿಡಿಯಿತು. ಎನಾಮೆಲ್ ಬಿಟ್ಟು, ಮಕ್ಕಳ ಪುಸ್ತಕದ ಅಂಗಡಿಯಿಂದ ಸಣ್ಣ ಎಣ್ಣೆಬಣ್ಣದ ಟ್ಯೂಬುಗಳನ್ನು ತಂದಿದ್ದೆ. ಬರೆಯುತ್ತಿರುವಾಗ ಅವಳಿಗೆ ಸಾಕಾಗಿ ಒಂದು ಕೈಯನ್ನು ಸೊಂಟದ ಮೇಲಿಟ್ಟು ನನ್ನ ಕಡೆ ಅರ್ಧ ತಿರುಗಿ, "ಆಯ್ತಾ?" ಎಂದಳು. ಆಗ ನನ್ನ ಬ್ರಷ್ಷು ಅಲ್ಲೇ ಇತ್ತು. ಇದ್ದದ್ದು ಇದ್ದ ಹಾಗೆ ಬಂದುಬಿಟ್ಟಿತು.

ಅಂದು ಸಂಜೆ ಎದುರುಗೋಡೆಯ ಮೇಲೆ ಸೌದೆ ಹೊತ್ತ ಹೆಂಗಸೊಬ್ಬಳು ಬಂದು, ನಿಂತು, ಸೊಂಟದ ಮೇಲೆ ಕೈಯಿಟ್ಟು ತಿರುಗಿ ನೋಡಿದಳು. ಓಣಿಯ ಹೆಂಗಸರೆಲ್ಲ ಒಂದೇ ದನಿಯಲ್ಲಿ, "ಅಯ್ಯೋ, ಮಂಗಳಕ್ಕ!" ಎಂದರು. ಸರ್ವಮಂಗಳ ಮಾತ್ರ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. "ನನ್ನ ಸೊಂಟ ಅಷ್ಟು ದಪ್ಪ ಇದೆಯೇನ್ರೀ?" ಎಂದಳು. ಸದ್ಯ, ಅಷ್ಟರಲ್ಲಿ ನೆರಳು ಮುಗಿಯಿತು.

ಎರಡು ದಿನಕ್ಕೆ ಪೋಲೆಂಡಿನ ಮೇಡಂ ಬಂದರು. ಹೆಸರು ಹಲೀನಾ. ನಮ್ಮ ಶಂಭುಲಿಂಗಪ್ಪನವರಷ್ಟೇ ಅಗಲದ, ಕೆಂಪು ಮುಖದ, ಬೆಳ್ಳಿ ಕೂದಲ ಹೆಂಗಸು. ಕೈಯಲ್ಲಿ ಒಂದು ಫೋನು. ಅವರು ಅದಕ್ಕೆ ತಮ್ಮ ಭಾಷೆಯಲ್ಲಿ ಹೇಳಿದರೆ ಅದು ನಮಗೆ ಕನ್ನಡದಲ್ಲಿ ಹೇಳುತ್ತಿತ್ತು. ಅಧ್ಯಕ್ಷರು ಹಾರ ಹಾಕಿ ಭಾಷಣ ಮಾಡಿದರು. ಮೇಡಂ ಫೋನಿಗೆ ಏನೋ ಹೇಳಿದರು. ಫೋನು ಗಂಭೀರವಾಗಿ, "ತಮ್ಮ ಆದರದಿಂದ ನಾನು ಒದ್ದೆಯಾಗಿದ್ದೇನೆ" ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಚಿತ್ರದ ಮುಂದೆ ನಿಂತರು. ಮೂಗು ತಾಗುವಷ್ಟು ಹತ್ತಿರ ಹೋದರು. ಬುರುಜು ನೋಡಿದರು, ಬಿರುಕು ನೋಡಿದರು, ಕೆಳಗೆ ಬಂದರು. ಹೆಂಗಸಿನ ಹತ್ತಿರ ನಿಂತುಬಿಟ್ಟರು. ಶಂಭುಲಿಂಗಪ್ಪನವರು ನನ್ನ ಅಂಗಿಯ ತೋಳು ಹಿಡಿದುಕೊಂಡರು.

"ಈ ಸ್ತ್ರೀ ಯಾರು? ಇವಳು ಕೋಪಗೊಂಡಿದ್ದಾಳೆ" ಎಂದಿತು ಫೋನು.

ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. "ನನ್ನ ಹೆಂಡತಿ" ಎಂದೆ. ಫೋನು ಅದನ್ನು ಅವರ ಭಾಷೆಗೆ ಹೇಳಿತು. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಚಿತ್ರ ನೋಡಿ, ಹೊಟ್ಟೆ ಕುಣಿಯುವಂತೆ ನಕ್ಕರು. ನಕ್ಕು ಮುಗಿಸಿ, ಕುರ್ಚಿ ಎಳೆದು ಕೂತು, ಫೋನಿಗೆ ನಿಧಾನವಾಗಿ ಬಹಳ ಹೊತ್ತು ಹೇಳಿದರು.

"ನಾನು ಕಲಾಪಂಡಿತೆ ಅಲ್ಲ. ನಾನು ಆ ಕೋಟೆಯ ಊರಿನ ಪುರಸಭೆಯ ಸದಸ್ಯೆ. ನಮ್ಮ ಕೋಟೆ ಇನ್ನೂ ಇದೆ. ಅದಕ್ಕೆ ಛಾಯೆ ಇಲ್ಲ. ಚಿತ್ರಗಾರನು ಬರೆದ ದಿನದಿಂದ ಇಲ್ಲ. ಅದು ಎಲ್ಲಿ ಹೋಯಿತೆಂದು ಪುರಸಭೆಯು ಹುಡುಕುತ್ತಿದೆ. ತಾವು ಇಟ್ಟುಕೊಂಡ ಕತ್ತಲೆಯನ್ನು ಮರಳಿ ಕೇಳಲು ನನ್ನನ್ನು ಕಳುಹಿಸಲಾಗಿದೆ."

ನಿಂಗಣ್ಣ ಬಾಗಿಲಲ್ಲಿ ಕುರ್ಚಿ ಹಿಡಿದುಕೊಂಡೇ ಕೆಳಗೆ ಕುಸಿದ. ಹಿಂದಿನಿಂದ ಸರ್ವಮಂಗಳ ಮುಂದೆ ಬಂದಳು.

"ಕೇಳೋದು ಆಮೇಲೆ ಕೇಳಲಿ. ಅಷ್ಟು ದೂರದಿಂದ ಬಂದಿದ್ದಾರೆ, ಮೊದಲು ಊಟ ಮಾಡಲಿ" ಎಂದು ಮೇಡಂ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.

ಊಟ ನಮ್ಮ ಮನೆಯಲ್ಲೇ ಆಯಿತು. ಮೇಡಂ ಹಪ್ಪಳದ ಮೇಲೆ ಹಪ್ಪಳ ತಿಂದರು. ಹೊರಟು ಬುರುಜಿನ ಓಣಿಗೆ ಬಂದರೆ ರಣ ಬಿಸಿಲು. ಅವರ ಮುಖ ಮೆಣಸಿನಕಾಯಿಯ ಹಾಗೆ ಕೆಂಪಾಯಿತು. ಅಷ್ಟರಲ್ಲಿ ಗುಡ್ಡದಿಂದ ನೆರಳು ಇಳಿಯಿತು. ಬುರುಜಿನ ತುದಿ ಅವರ ಕಾಲ ಬಳಿ ಬಂತು, ಮೊಣಕಾಲಿಗೆ ಬಂತು, ತಲೆಯ ಮೇಲಾಯಿತು. ಅವರು ಕಣ್ಣು ಮುಚ್ಚಿ ನಿಂತರು. ನಿಂಗಣ್ಣ ಓಡಿ ಬಂದು ಕುರ್ಚಿ ಇಟ್ಟ. ಅವರು ಕೂತರು. ತರಕಾರಿಯವರು, ಹೂವಿನವರು, ಮಜ್ಜಿಗೆಯವರು ಎಲ್ಲರೂ ಗಾಡಿ ತಳ್ಳಿಕೊಂಡು ಆ ನೆರಳೊಳಗೆ ಬಂದು ಸೇರಿದರು. ನೆರಳು ಸರಿದಾಗ ಎಲ್ಲರೂ ಎದ್ದು ಸರಿದರು. ಮೇಡಂ ಕೂಡ, ಯಾರೂ ಹೇಳದೆಯೇ, ಕುರ್ಚಿಯನ್ನು ತಾವೇ ಎತ್ತಿಕೊಂಡು ಸರಿದರು. ಸಂಜೆ ಎದುರುಗೋಡೆಯ ಮೇಲೆ ಸರ್ವಮಂಗಳ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಾಗ, ಪಕ್ಕದಲ್ಲಿ ನಿಜವಾದ ಸರ್ವಮಂಗಳನೂ ಹಾಗೇ ನಿಂತಿದ್ದಳು. ಮೇಡಂ ಇಬ್ಬರನ್ನೂ ನೋಡಿದರು.

"ನಮ್ಮ ಊರು ಅತಿ ತಣ್ಣನೆಯದು" ಎಂದಿತು ಫೋನು. "ಅಲ್ಲಿ ಯಾರೂ ಛಾಯೆಯಲ್ಲಿ ಕುಳಿತುಕೊಳ್ಳುವುದಿಲ್ಲ. ನಾವು ಅದನ್ನು ಕೇಳುತ್ತಿದ್ದೆವು ಏಕೆಂದರೆ ಅದು ನಮ್ಮದು. ನಮಗೆ ಬೇಕಾಗಿರುವುದು ಅದು ಅಲ್ಲ." ಮೇಡಂ ನನ್ನ ಕಡೆ ತಿರುಗಿದರು. "ತಾವು ಬರೆಯುತ್ತೀರಿ. ನಮಗೆ ತಮ್ಮ ಬಿಸಿಲನ್ನು ಬರೆದು ಕೊಡಿ."

ಇದಕ್ಕೆ ಮಾರನೆಯ ದಿನ ತುರ್ತು ಸಭೆ ಸೇರಿತು. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಕೊಡೋಣ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಯಾವ ಜಾಗದ್ದು ಎಂಬುದಕ್ಕೆ ಮಾತ್ರ ಗಲಾಟೆಯಾಯಿತು. ಎಲ್ಲರೂ ತಂತಮ್ಮ ಮನೆಯ ಮುಂದಿನದನ್ನೇ ತೆಗೆದುಕೊಂಡು ಹೋಗಲಿ ಎಂದರು. ಸರ್ವಮಂಗಳ ಬಾಗಿಲಲ್ಲಿ ನಿಂತು, "ಬಿರುಕಿನ ಬಿಸಿಲು ಒಂದು ಬಿಟ್ಟು" ಎಂದಷ್ಟೇ ಹೇಳಿದಳು. ಕೊನೆಗೆ ಬಸ್ ಸ್ಟ್ಯಾಂಡ್ ಎಂದಾಯಿತು. ಊರಿನ ಆ ತುದಿಗೆ ಕೋಟೆಯ ನೆರಳು ತಲುಪುವುದಿಲ್ಲ; ತಗಡಿನ ಚಾವಣಿ ಗಾಳಿಗೆ ಹಾರಿಹೋಗಿ ಬಹಳ ಕಾಲವಾಗಿತ್ತು; ಬಸ್ಸಿಗೆ ಕಾಯುವವರು ಒಬ್ಬರ ಹಿಂದೆ ಒಬ್ಬರು ಒಂದೇ ಲೈಟುಕಂಬದ ನೆರಳಲ್ಲಿ ಸಾಲಾಗಿ ನಿಲ್ಲುತ್ತಿದ್ದರು.

ಕೊಡೆ ಹಿಡಿದು ಅಲ್ಲಿ ಕೂತು ಬರೆದೆ. ಬಿರುಕುಬಿಟ್ಟ ಸಿಮೆಂಟು ಬೆಂಚು, ಅರ್ಧ ಹರಿದ ಸಿನಿಮಾ ಪೋಸ್ಟರು, ಅದನ್ನು ತಿನ್ನುತ್ತಿದ್ದ ಹಸು, ಬಾಳೆಹಣ್ಣಿನ ಸಿಪ್ಪೆ, ನಾನೇ ಬರೆದಿದ್ದ ಮೂತ್ರದ ಬೋರ್ಡು, ಅದರ ಕೆಳಗಿನ ಒದ್ದೆ. ಅಧ್ಯಕ್ಷರು ಒಂದೆರಡು ಸಲ ಬಂದು, "ಆ ಹಸುವಿನ ಜಾಗದಲ್ಲಿ ನವಿಲು ಇದ್ದಿದ್ರೆ..." ಎಂದರು. ನಾನು ಅವರ ಕಡೆ ನೋಡಲಿಲ್ಲ. ಸರ್ವಮಂಗಳ ಮಜ್ಜಿಗೆ ತಂದಿಟ್ಟು, ಹಿಂದೆ ನಿಂತು ನೋಡಿ, "ಹಸು ಚೆನ್ನಾಗಿ ಬಂದಿದೆ" ಎಂದಳು. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಆಡಿದ ಒಳ್ಳೆಯ ಮಾತು ಅದೊಂದೇ. ನನಗೆ ಸಾಕು.

ಮೇಡಂ ಅದನ್ನು ಸೀರೆಯ ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋದರು. ಜೊತೆಗೆ ಎರಡು ಡಬ್ಬಿ ಹಪ್ಪಳ.

ಈಗ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಡುಮಧ್ಯಾಹ್ನವೂ ಹಿತವಾದ ತಂಪು. ಜನ ಹೊರಡುವ ಬಸ್ಸನ್ನೂ ಹೋಗಲು ಬಿಟ್ಟು ಕೂತಿರುತ್ತಾರೆ. ಮೊನ್ನೆ ನನ್ನ ಫೋನಿಗೆ ಮೇಡಂ ಒಂದು ಫೋಟೋ ಕಳುಹಿಸಿದರು. ಸುತ್ತ ಮೊಣಕಾಲುದ್ದ ಹಿಮ. ನಡುವೆ, ನಮ್ಮ ಬಸ್ ಸ್ಟ್ಯಾಂಡ್ ಎಷ್ಟು ಉದ್ದ ಎಷ್ಟು ಅಗಲವೋ ಅಷ್ಟೇ ಉದ್ದ ಅಷ್ಟೇ ಅಗಲದ ಹಸಿರು ಹುಲ್ಲು, ಅದರ ತುಂಬ ಬಿಸಿಲು. ಮುದುಕರು ಅಂಗಿ ಬಿಚ್ಚಿ ಕೂತಿದ್ದಾರೆ. ಮೇಡಂ ತೋಳು ಮಡಚಿಕೊಂಡು, ಬಟ್ಟೆ ಹಾಸಿ, ಅಣಬೆ ಒಣಹಾಕುತ್ತಿದ್ದಾರೆ. ಹಸುವಿನ ನೆರಳೂ ಒಂದಿದೆ, ಹಸು ಇಲ್ಲ.

ಸರ್ವಮಂಗಳ ಫೋಟೋವನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದಳು.

"ಅಣಬೆ ಒತ್ತಾಗಿ ಹಾಕಿದ್ದಾರೆ" ಎಂದಳು. "ಹಾಗೆ ಹಾಕಿದ್ರೆ ಅಡಿ ಒಣಗಲ್ಲ. ಬಿಡಿಬಿಡಿಯಾಗಿ ಹರಡಿ, ಬಿಸಿಲಿರುವಾಗಲೇ ಒಂದು ಸಲ ಮಗುಚಿ ಹಾಕೋಕೆ ಹೇಳಿ ಅವರಿಗೆ."